ಅರಳೆ ಗಂಟಲಿಗೆ ಹೋದರೆ ರೋಜಾ ಮುರಿಯುತ್ತದೆಯೇ

ನನ್ನ ಕುತ್ತಿಗೆ ನೋವಿಗೂ ರಮಜಾನಿನ ರೋಜಾಕ್ಕೂ ಸಂಬಂಧವಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಹೋದ ತಿಂಗಳವರೆಗೆ ನನಗೂ ಅದು ಗೊತ್ತಿರಲಿಲ್ಲ. ಐನಾಪುರದ ಹೈಸ್ಕೂಲಿನಲ್ಲಿ ನಾನು ಚಿತ್ರಕಲೆ ಮಾಸ್ತರ. ದಿನವಿಡೀ ಕತ್ತು ಬಗ್ಗಿಸಿ ಮಕ್ಕಳು ಬರೆದ ಹೂಜಿ, ಬಾಳೆಹಣ್ಣು, ಎರಡು ಗುಡ್ಡಗಳ ನಡುವಿನ ಸೂರ್ಯನನ್ನು ತಿದ್ದುತ್ತೇನೆ. ನೋವು ಅಲ್ಲಿಂದಲೇ ಬಂದಿರಬೇಕು ಎಂದುಕೊಂಡಿದ್ದೆ. ನನ್ನ ಹೆಂಡತಿ ಹಸೀನಾ ಮಾತ್ರ ದಿಂಬಿನ ಕಡೆಗೆ ಬೆರಳು ತೋರಿಸುತ್ತಿದ್ದಳು.

"ಆ ತಲಿದಿಂಬು ಗಟ್ಟಿ ಆಗೇತ್ರಿ. ಒಂದು ಮೂಲ್ಯಾಗ ಹರಳ ಇದ್ದಂಗ ಒತ್ತತೈತಿ. ಬಿಚ್ಚಿಸಿ ಪಿಂಜಸರಿ ಅಂದ್ರ ನನ್ನ ಮಾತ ಕೇಳವೊಲ್ರಿ."

ಕೇಳದಿರಲು ಕಾರಣವಿತ್ತು. ಅದು ಅಪ್ಪನ ದಿಂಬು. ಅಪ್ಪ ಹೋಗಿ ವರ್ಷದ ಮೇಲಾಯಿತು. ಅವನ ಬಟ್ಟೆಬರೆ ಕೊಟ್ಟೆವು, ಕೋಲು ಮಸೀದಿಗೆ ಬರುವ ಒಬ್ಬ ಮುದುಕನ ಕೈ ಸೇರಿತು, ದಿಂಬನ್ನು ಮಾತ್ರ ನಾನು ಬಿಡಲಿಲ್ಲ. ಅದಕ್ಕೆ ಅಪ್ಪ ಹಚ್ಚಿಕೊಳ್ಳುತ್ತಿದ್ದ ನೋವಿನೆಣ್ಣೆಯ ವಾಸನೆ ಇತ್ತು. ಪಿಂಜಿಸಿದರೆ ಅರಳೆಯ ಜೊತೆ ವಾಸನೆಯೂ ಹಾರಿಹೋಗುತ್ತದೆ. ಅದಕ್ಕೇ ಗಂಟು ಕಟ್ಟಿದ ದಿಂಬಿನ ಮೇಲೆ ಕುತ್ತಿಗೆ ಸೊಟ್ಟ ಮಾಡಿಕೊಂಡು ಮಲಗುತ್ತಿದ್ದೆ. ಪಿಂಜಾರನ ಮಗನಿಗೆ ಇಂಥ ದಿಂಬೇ ಎಂದು ಅಪ್ಪ ಇದ್ದಿದ್ದರೆ ಬೈದಿರುತ್ತಿದ್ದ.

ಹೌದು, ನಾವು ನದಾಫರು. ಊರವರ ಬಾಯಲ್ಲಿ ಪಿಂಜಾರರು. ಹಳೆಯ ಗಾದಿ, ದಿಂಬುಗಳ ಅರಳೆಯನ್ನು ಹೊರಗೆಳೆದು, ಬಿಡಿಸಿ, ಹಗುರ ಮಾಡಿ, ಮತ್ತೆ ತುಂಬಿ ಹೊಲಿದು ಕೊಡುವುದು ನಮ್ಮ ಕಸುಬು. ಅಪ್ಪ ಇಮಾಮಸಾಬನ ಹತ್ತಿರ ಆಳೆತ್ತರದ ಒಂದು ಕಮಾನು ಇತ್ತು, ಬಿಲ್ಲಿನ ಆಕಾರದ್ದು. ಅದರ ಬಿಗಿದ ನರವನ್ನು ಅರಳೆಯೊಳಗೆ ಇಳಿಬಿಟ್ಟು ಮರದ ಕೊಡತಿಯಿಂದ ಬಡಿದರೆ ಡಂಯ್ ಡಂಯ್ ಎಂದು ಸದ್ದಾಗಿ ಅರಳೆ ಏಳುತ್ತಿತ್ತು. ಆ ಸದ್ದು ಯಾವ ಮನೆಯಿಂದ ಬಂದರೂ ಅಲ್ಲಿ ಮದುವೆ ಇದೆ ಎಂದು ಓಣಿಯವರು ತಿಳಿಯುತ್ತಿದ್ದರು. ಅಥಣಿಯ ಕಡೆಯಿಂದ ಉಗಾರದ ಹೊಳೆದಂಡೆಯವರೆಗೆ ಅಪ್ಪ ಮಾಡಿಕೊಟ್ಟ ಗಾದಿಯ ಮೇಲೆ ಮಲಗದ ಮದುಮಕ್ಕಳು ಕಡಿಮೆ.

ಅರಳೆ ಏಳುತ್ತಿತ್ತು ಎಂದೆನಲ್ಲ, ಎದ್ದದ್ದೆಲ್ಲ ಎಲ್ಲಿಗೆ ಹೋಗಬೇಕು? ಅಪ್ಪನ ಹುಬ್ಬಿಗೆ, ಕಿವಿಗೆ, ಮೂಗಿಗೆ, ಬಾಯಿಗೆ. ಸಂಜೆ ಮನೆಗೆ ಬಂದಾಗ ಅವನು ಒಂದೇ ದಿನದಲ್ಲಿ ಮುದುಕನಾಗಿ ಬಂದಂತೆ ಕಾಣುತ್ತಿದ್ದ. ಸಣ್ಣವನಿದ್ದಾಗ ನನಗೆ ಇದು ದೊಡ್ಡ ತಮಾಷೆ. ರಮಜಾನಿನಲ್ಲಿ ಮಾತ್ರ ಅದೇ ದೊಡ್ಡ ಚಿಂತೆ. ರೋಜಾ ಎಂದರೆ ಬೆಳಗಿನ ಜಾವದಿಂದ ಹೊತ್ತು ಮುಳುಗುವವರೆಗೆ ಅನ್ನವಿಲ್ಲ, ಒಂದು ಗುಟುಕು ನೀರೂ ಇಲ್ಲ. ಹಾಗಿದ್ದ ಮೇಲೆ ಇಡೀ ದಿನ ಅರಳೆ ನುಂಗುವ ಅಪ್ಪನ ರೋಜಾ ಉಳಿಯುವುದು ಹೇಗೆ? ಒಂದು ದಿನ ಕೇಳಿಯೇಬಿಟ್ಟೆ.

ಅಪ್ಪ ಬಾಯಿಗೆ ಕಟ್ಟಿದ ವಸ್ತ್ರ ಕೆಳಗೆ ಸರಿಸಿ ಅಂದ: "ತಾನಾ ಹೋದ್ರ ಮುರಿಯೂದಿಲ್ಲ. ತಿಳದು ನುಂಗಿದ್ರ ಮುರೀತೈತಿ."

"ತಾನಾ ಹೋತೋ ತಿಳದು ನುಂಗಿದಿಯೋ, ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಲ್ಲ ಮಗನ. ಸಾಕು."

ಹಾಗೆಂದರೂ ಅವನಿಗೆ ಒಳಗೊಳಗೆ ಅಳುಕಿತ್ತು. ಈದ್ ಮುಗಿದ ಮೇಲೆ ಪ್ರತಿವರ್ಷ ಒಂದು ರೋಜಾ ಹೆಚ್ಚಿಗೆ ಹಿಡಿಯುತ್ತಿದ್ದ. ಅದಕ್ಕೆ 'ಅರಳಿ ರೋಜಾ' ಎಂದು ಅವನೇ ಹೆಸರಿಟ್ಟಿದ್ದ. ಅಪ್ಪಿತಪ್ಪಿ ಎಂದಾದರೂ ನುಂಗಿದ್ದರೆ ಅದಕ್ಕೆ ಇದು ಸರಿ ಹೋಗಲಿ ಎಂಬ ಲೆಕ್ಕ. ಇಂಥದೊಂದು ಯಾವ ಕಿತಾಬಿನಲ್ಲೂ ಇಲ್ಲ ಎಂದು ಮಸೀದಿಯ ಹಜರತ್ತರು ಎಷ್ಟು ಸಲ ಹೇಳಿದರೂ ಅವನು ಬಿಡಲಿಲ್ಲ.

ಅವನಿಗೆ ರೋಜಾದ ಮೇಲೆ ಅಷ್ಟು ಹುಚ್ಚು ಯಾಕೆ ಎಂದು ನಾನು ಬಹಳ ತಡವಾಗಿ ಯೋಚಿಸಿದೆ. ನಮ್ಮಲ್ಲಿ ಐದು ಕಟ್ಟಳೆಗಳು. ಅಲ್ಲಾಹನೊಬ್ಬನೇ ಎಂದು ಸಾಕ್ಷಿ ನುಡಿಯುವುದು, ಅದನ್ನು ಅವನು ಕೊಡತಿ ಎತ್ತುವ ಮುಂಚೆಯೇ ಮುಗಿಸುತ್ತಿದ್ದ. ನಮಾಜು ಇತ್ತು, ಆದರೆ ಪರವೂರಿನ ದನದ ಕೊಟ್ಟಿಗೆಯಲ್ಲಿ ಕೆಲಸ ಮಾಡುವವನಿಗೆ ಎಲ್ಲರ ಜೊತೆ ಸಾಲಾಗಿ ನಿಂತು ಮಾಡುವ ಜಮಾತು ಸಿಗುವುದು ಕಷ್ಟ. ಇದ್ದವರು ಇಲ್ಲದವರಿಗೆ ಕೊಡುವ ಜಕಾತಿನಲ್ಲಿ ನಾವು ಕೊಡುವವರ ಸಾಲಿಗೆ ಸೇರಿದ್ದು ನನಗೆ ನೌಕರಿ ಸಿಕ್ಕ ಮೇಲೆ. ಹಜ್ಜಿನ ಮಾತಂತೂ ಅವನು ಎತ್ತುತ್ತಲೇ ಇರಲಿಲ್ಲ. ಉಳಿದದ್ದು ರೋಜಾ. ಅದೊಂದರಲ್ಲಿ ಅವನು ಯಾವ ಸಾಹುಕಾರನಿಗೂ ಕಡಿಮೆ ಇರಲಿಲ್ಲ. ಹಸಿವು, ನೀರಡಿಕೆ ಅವನಿಗೆ ಮೊದಲಿನಿಂದ ಗುರುತಿದ್ದವು. ಅವನ್ನೇ ದೇವರಿಗೆ ಕೊಡಬಹುದು ಎಂದರೆ ಬೇಡವೆನ್ನುವುದುಂಟೆ?

ಈಗ ನನ್ನ ಮೊದಲ ರೋಜಾದ ಕತೆ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳದೆ ಮುಂದೆ ಹೋಗುವಂತಿಲ್ಲ.

ನನಗಾಗ ಎಂಟು ವರ್ಷ. ಆ ವರ್ಷ ರಮಜಾನು ಕಡು ಬೇಸಿಗೆಯಲ್ಲಿ, ಮದುವೆಯ ಹಂಗಾಮಿನಲ್ಲೇ ಬಂದಿತ್ತು. ಮಕ್ಕಳಿಗೆ ರೋಜಾ ಕಡ್ಡಾಯವಲ್ಲ. ಆದರೆ ಮೊದಲ ರೋಜಾ ಹಿಡಿದ ಹುಡುಗನಿಗೆ ಸಂಜೆ ಹೊಸ ಬಟ್ಟೆ ತೊಡಿಸಿ, ಹೂವಿನ ಮಾಲೆ ಹಾಕಿ, ಓಣಿಯವರನ್ನೆಲ್ಲ ಕರೆಯುತ್ತಾರೆ. ನನ್ನ ಕಣ್ಣು ಇದ್ದದ್ದು ಮಾಲೆಯ ಮೇಲೆ. ಹಟ ಹಿಡಿದು ರೋಜಾ ಹಿಡಿದೆ. ಅವ್ವನ ಎದುರಿಗೆ ಮನೆಯಲ್ಲಿ ಕೂತರೆ ಜಾರಿಬೀಳುತ್ತಾನೆ ಎಂದು ಅಪ್ಪ ನನ್ನನ್ನು ತೆಲಸಂಗಕ್ಕೆ ಕರೆದುಕೊಂಡು ಹೋದ. ಅಲ್ಲಿ ಗಂಗವ್ವ ಎಂಬ ಒಕ್ಕಲಗಿತ್ತಿಯ ಮನೆಯಲ್ಲಿ ಮಗಳ ಮದುವೆಗೆ ನಾಲ್ಕು ಗಾದಿ ತುಂಬುವುದಿತ್ತು.

ಗಂಗವ್ವ ದೊಡ್ಡ ಮನಸ್ಸಿನ ಹೆಂಗಸು. ಅಪ್ಪ ರೋಜಾ ಇದ್ದಾನೆಂದು ಅವರ ಮನೆಯಲ್ಲಿ ಅಂದು ಮಧ್ಯಾಹ್ನ ಯಾರೂ ಹೊರಗಿನ ಪಡಸಾಲೆಯಲ್ಲಿ ಉಣ್ಣಲಿಲ್ಲ. ನನ್ನನ್ನು ನೋಡಿ ಮಾತ್ರ ಅವಳ ಜೀವ ತಡೆಯಲಿಲ್ಲ.

"ಇಮಾಮಣ್ಣಾ, ಈ ಕೂಸಿನ ಮಾರಿ ನೋಡು, ಬಾಡಿ ಬತ್ತಿ ಆಗೇತಿ. ಒಂದೀಟು ಮಜ್ಜಿಗಿ ಕೊಡ್ತೀನಿ."

"ಬ್ಯಾಡ್ರಿ ಅಕ್ಕಾರ. ತಾನ ಹಿಡದಾನ, ತಾನ ಬಿಡಲಿ" ಎಂದ ಅಪ್ಪ, ಕೊಡತಿ ನಿಲ್ಲಿಸದೆ.

ಮೂರು ಗಂಟೆಯ ಹೊತ್ತಿಗೆ ನನ್ನ ನಾಲಿಗೆ ಅರಳೆಯಂತೆ ಒಣಗಿತ್ತು. ಕೊಟ್ಟಿಗೆಯ ತುಂಬ ಹಿಂಜಿದ ಅರಳೆ ಹಾರುತ್ತಿತ್ತು, ಅದರೊಳಗೆ ಅಪ್ಪ ಮಸುಕು ಮಸುಕಾಗಿ ಕಾಣುತ್ತಿದ್ದ. ನನಗೆ ಅವನು ಸರಿಯಾಗಿ ಕಾಣುತ್ತಿಲ್ಲ ಎಂದ ಮೇಲೆ ಅವನಿಗೂ ನಾನು ಕಾಣಲಾರೆ ಎಂಬುದು ನನ್ನ ತರ್ಕ. ಮೂಲೆಯಲ್ಲಿ ನೀರಿನ ಹರವಿ ಇತ್ತು. ಮೆಲ್ಲಗೆ ಹೋಗಿ, ಬೊಗಸೆಯಿಂದ ಎರಡು ಸಲ ಕುಡಿದು, ಬಾಯಿ ಒರೆಸಿಕೊಂಡು ಬಂದು, ರೋಜಾದವನ ಹಾಗೆ ಮುಖ ಇಳಿಬಿಟ್ಟು ಕುಳಿತೆ. ಕಮಾನಿನ ಸದ್ದು ನಿಂತಿರಲಿಲ್ಲ.

ಸಂಜೆ ಮಾಲೆ ಹಾಕಿದರು. ಅಪ್ಪ ತಾನೇ ನನ್ನ ಬಾಯಿಗೆ ಖರ್ಜೂರ ಇಟ್ಟ. ಅವ್ವ ದೃಷ್ಟಿ ತೆಗೆದಳು. ಓಣಿಯವರೆಲ್ಲ ಶಾಭಾಸ್ ಎಂದರು. ನಾನು ಖರ್ಜೂರ ಅಗಿದು ನುಂಗಿದೆ.

ಮೂವತ್ತು ವರ್ಷ ಈ ಗುಟ್ಟು ನನ್ನೊಬ್ಬನದೇ ಎಂದುಕೊಂಡಿದ್ದೆ. ನನ್ನ ಮಗಳು ಮೊದಲ ರೋಜಾ ಹಿಡಿದ ಸಂಜೆ, ಅವಳಿಗೆ ಮಾಲೆ ಹಾಕುತ್ತಿದ್ದಾಗ, ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ರಾಜ್ಯಾ, ತೆಲಸಂಗದಾಗಿನ ಹರವಿ ನೀರು ಭಾಳ ತಂಪ ಇತ್ತಲಾ?"

"ನೋಡಿದ್ದೇನಪಾ?" ಎಂದೆ.

"ನೋಡಿದ್ನಿ."

"ಮತ್ತ ಮಾಲಿ ಯಾಕ ಹಾಕಿದಿ?"

"ಮಧ್ಯಾಹ್ನ ಮೂರು ಗಂಟೆ ಮಟಾ ತಡದಿದ್ದಿ. ಅದಕ್ಕ ಹಾಕಿದ್ನಿ" ಎಂದು ನಕ್ಕ. ನಗುವಾಗಲೇ ಕೆಮ್ಮು ಬಂತು. ಆ ಕೆಮ್ಮನ್ನು ನಾವು ಆಗ ಗಣನೆಗೆ ತೆಗೆದುಕೊಳ್ಳಲಿಲ್ಲ.

ಎದೆಯೊಳಗೆ ಐವತ್ತು ವರ್ಷದ ಅರಳೆ ಸೇರಿತ್ತು. ಮಿರಜದ ಡಾಕ್ಟರು ಅದನ್ನೇ ಬೇರೆ ಮಾತಿನಲ್ಲಿ ಹೇಳಿ, ಒಂದು ಸಣ್ಣ ಪಂಪು ಕೊಟ್ಟರು. ಅದರೊಳಗೆ ಒಂದು ಗುಳಿಗೆ ಇಟ್ಟು ತಿರುಗಿಸಿದರೆ ಗುಳಿಗೆ ಒಡೆಯುತ್ತದೆ, ಬಾಯಿಗೆ ಹಿಡಿದು ಜೋರಾಗಿ ಉಸಿರೆಳೆದರೆ ಒಳಗಿನ ಪುಡಿ ಎದೆಗೆ ಇಳಿಯುತ್ತದೆ. ದಿನಕ್ಕೆ ಮೂರು ಸಲ. ಮುಂಜಾನೆ, ಮಧ್ಯಾಹ್ನ, ಮಲಗುವಾಗ. ಮಧ್ಯಾಹ್ನದ್ದು ತಪ್ಪಬಾರದು ಎಂದು ಎರಡು ಸಲ ಹೇಳಿದ್ದರು, ಯಾಕೆಂದರೆ ಉಸಿರು ಕಟ್ಟುತ್ತಿದ್ದದ್ದು ಆಗಲೇ.

ಅಷ್ಟರಲ್ಲಿ ರಮಜಾನು ಬಂತು. ಅವನ ಕೊನೆಯ ರಮಜಾನು.

ಬೇನೆ ಇದ್ದವರಿಗೆ ರೋಜಾ ಮಾಫಿ ಇದೆ. ವಾಸಿಯಾಗದ ಬೇನೆಯಾದರೆ ಒಂದೊಂದು ರೋಜಾಕ್ಕೆ ಒಬ್ಬ ಬಡವನಿಗೆ ಹೊಟ್ಟೆ ತುಂಬ ಊಟ ಹಾಕಿದರಾಯಿತು. ಇದು ನನಗೆ ಗೊತ್ತು, ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಹಜರತ್ತರೇ ಮನೆಗೆ ಬಂದು ಹೇಳಿಹೋದರು. ಅಪ್ಪ ತಲೆಯಾಡಿಸಿದ. ಮರುದಿನ ಬೆಳಗಿನ ಜಾವ ಎದ್ದು, ಒಂದು ರೊಟ್ಟಿ ತಿಂದು, ಮುಂಜಾನೆಯ ಪುಡಿ ಎಳೆದುಕೊಂಡು, ರೋಜಾ ಹಿಡಿದ.

"ಮಾಮಾ, ಮಾಫಿ ಐತೆಂತ ಹೇಳ್ಯಾರಲ್ರಿ" ಎಂದು ಹಸೀನಾ ಅತ್ತಳು.

"ಐತೆವಾ, ಇಲ್ಲ ಅನ್ನೂದಿಲ್ಲ. ಆದ್ರ ಇದೊಂದು ನಾ ಎಂದೂ ಬಿಟ್ಟಾಂವ ಅಲ್ಲ. ಬಿಟ್ರ ನಾ ಯಾತಕ್ಕ ಬಂದೆ ಅನಸತೈತಿ" ಎಂದ ಅಪ್ಪ.

ಮಧ್ಯಾಹ್ನದ ಪಂಪು ಮಾತ್ರ ಮುಟ್ಟಲಿಲ್ಲ. ಬಿಸಿಲಿಗೆಂದು ನಮ್ಮ ಶಾಲೆ ಬೆಳಗಿನ ಹೊತ್ತಿಗೆ ಇತ್ತು. ನಾನು ಮನೆಗೆ ಬರುವಾಗ ಅವನು ಗೋಡೆಗೆ ಆತುಕೊಂಡು, ಮೀನಿನ ಹಾಗೆ ಬಾಯಿ ತೆರೆದು ಕುಳಿತಿರುತ್ತಿದ್ದ. ನೋಡಲಾಗುತ್ತಿರಲಿಲ್ಲ. ಮೊದಲ ದಿನವೇ ನಾನು ಒಂದು ಸುಳ್ಳು ಕಟ್ಟಿದೆ. ಮಸೀದಿಯ ಬಾಗಿಲ ತನಕ ಹೋಗಿ, ಒಳಗೆ ಕಾಲಿಡದೆ, ಚಪ್ಪಲಿ ಸಾಲನ್ನು ಸ್ವಲ್ಪ ಹೊತ್ತು ನೋಡಿ ಮರಳಿ ಬಂದೆ. ಅಪ್ಪನ ಮುಂದೆ ಕುಳಿತು ಹೇಳಿದೆ:

"ಹಜರತ್ರನ್ನ ಕೇಳಿದ್ನಿ ಅಪ್ಪಾ. ಪಂಪು ಎಳದ್ರ ರೋಜಾ ಮುರಿಯೂದಿಲ್ಲಂತ. ಪುಡಿ ಹೊಟ್ಟಿಗಿ ಹೋಗೂದಿಲ್ಲಲ್ಲ, ಎದಿಗಿ ಹೋಗತೈತಿ. ಅರಳಿ ಹೋದಂಗಂತ."

ಅರಳೆಯ ಮಾತು ತಂದದ್ದು ನನ್ನ ಜಾಣತನ. ಆ ಉಪಮೆ ಹೊಳೆದಾಗ ದಾರಿಯಲ್ಲೇ ನನಗೆ ನನ್ನ ಬಗ್ಗೆ ಮೆಚ್ಚುಗೆಯಾಗಿತ್ತು. ಅಪ್ಪ ನನ್ನ ಮುಖ ನೋಡಿದ.

"ಹಂಗ ಅಂದ್ರೇನು ಅವರು?"

"ಹೂಂ."

"ನೀನ ಕೇಳಿದೆಲಾ?"

"ನಾನ ಕೇಳೀನಿ."

"ಹಂಗಾರ ಆತು. ಕೊಡು ಇಲ್ಲೆ."

ಅಂದಿನಿಂದ ದಿನಾ ಮಧ್ಯಾಹ್ನ ಅವನ ನಮಾಜು ಮುಗಿದ ಮೇಲೆ ನಾನೇ ಗುಳಿಗೆ ತೆಗೆದು ಅವನ ಅಂಗೈಯಲ್ಲಿ ಇಡುತ್ತಿದ್ದೆ. ಅವನು ಅದನ್ನು ಪಂಪಿನಲ್ಲಿ ಹಾಕಿ, ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. "ಹಗರ ಆತು ನೋಡು" ಎನ್ನುತ್ತಿದ್ದ. ನಾನು ನೆಮ್ಮದಿಯಿಂದ ಕೈಕಾಲು ತೊಳೆಯಲು ಹೋಗುತ್ತಿದ್ದೆ. ಸುಳ್ಳು ಹೇಳಿ ಅಪ್ಪನನ್ನು ಉಳಿಸಿಕೊಂಡೆ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಇಪ್ಪತ್ಮೂರು ರೋಜಾ ಆದವು. ಇಪ್ಪತ್ನಾಲ್ಕನೆಯ ದಿನ ಬೆಳಿಗ್ಗೆ ಅವನಿಗೆ ಏಳಲಾಗಲಿಲ್ಲ. ಮಿರಜಕ್ಕೆ ಒಯ್ದೆವು. ಈದ್ ಹಬ್ಬದ ಚಂದ್ರ ಕಂಡ ಸುದ್ದಿಯನ್ನು ಅವನ ಕಿವಿಯಲ್ಲಿ ಹೇಳಿದೆ, ಕಣ್ಣು ತೆರೆದು ನೋಡಿದ. ಮೂರನೆಯ ದಿನ ಹೋದ.

ದುಃಖದ ಜೊತೆ ಇನ್ನೊಂದು ಸಂಕಟ ಶುರುವಾಯಿತು. ಅಪ್ಪ ಜನ್ಮವಿಡೀ ಜೋಪಾನ ಮಾಡಿದ್ದು ಒಂದೇ ಒಂದು. ಅದರಲ್ಲಿ ಕೊನೆಯ ಇಪ್ಪತ್ಮೂರನ್ನು ನಾನು ಅವನಿಗೆ ಗೊತ್ತಿಲ್ಲದಂತೆ ಮುರಿಸಿದೆ. ಅವನು ಪೂರ್ತಿ ಎಂದುಕೊಂಡು ಒಯ್ದದ್ದು ಅಲ್ಲಿ ಬಿಚ್ಚಿ ನೋಡಿದರೆ ಖಾಲಿ ಇದ್ದರೆ? ಕೊನೆಗೆ ಹಜರತ್ತರ ಬಳಿ ಹೋಗಿ, ಯಾರೋ ಒಬ್ಬರ ವಿಷಯ ಎಂದು ಕೇಳಿದೆ. ಅವರು ನನ್ನನ್ನೊಮ್ಮೆ ನೋಡಿ, ಯಾರೆಂದು ಕೇಳದೆ ಹೇಳಿದರು:

"ಮುರಿಯೂದಿಲ್ಲ ಅನ್ನೋ ಓದಿದ ಆಲಿಮರೂ ಅದಾರ್ರಿ ಮಾಸ್ತರ. ನಾವು ಮುರೀತೈತಿ ಅಂತೀವಿ. ತೀರಿಕೊಂಡವರ ರೋಜಾ ಮತ್ತೊಬ್ಬರು ಹಿಡಿಯಾಕ ಬರೂದಿಲ್ಲ. ಬಡವರಿಗೆ ಉಣ್ಣಾಕ ಹಾಕ್ರಿ. ಅಲ್ಲಾಹ ಮನಸ್ಸು ನೋಡ್ತಾನ."

ಊಟ ಹಾಕಿದೆವು. ಇಪ್ಪತ್ಮೂರು ಮಂದಿ ಉಂಡು ಹೋದರು. ನನ್ನ ಎದೆಯ ಭಾರ ಮಾತ್ರ ಇಳಿಯಲಿಲ್ಲ. ಹಾಗೆ ಹಿಡಿಯಲು ಬರುವುದಿಲ್ಲ ಎಂದು ತಿಳಿದೂ, ಅವನ ಲೆಕ್ಕಕ್ಕೆಂದು ಸೋಮವಾರಗಳಲ್ಲಿ ರೋಜಾ ಹಿಡಿಯತೊಡಗಿದೆ. ಕಿತಾಬಿನಲ್ಲಿಲ್ಲದ ರೋಜಾ ಹಿಡಿಯುವುದು ನಮ್ಮ ಮನೆಯ ಚಾಳಿ ಎಂದು ಆಗ ಹೊಳೆಯಲಿಲ್ಲ. ಎಷ್ಟೋ ಸೋಮವಾರ ತಪ್ಪುತ್ತಿದ್ದವು. ಹೋದ ತಿಂಗಳ ಹೊತ್ತಿಗೆ ಹತ್ತೊಂಬತ್ತನೆಯದಕ್ಕೆ ಬಂದಿದ್ದೆ.

ಆ ಸೋಮವಾರ ಶಾಲೆಗೆ ರಜೆ. ಕುತ್ತಿಗೆ ಎಡಕ್ಕೆ ತಿರುಗಲೇ ಒಲ್ಲದು. ಹಸೀನಾ ದಿಂಬನ್ನು ತಾನೇ ಚೀಲಕ್ಕೆ ಹಾಕಿ ಕೈಗೆ ಕೊಟ್ಟಳು. ಪೇಟೆಯಲ್ಲಿ ದಸ್ತಗೀರ ಅರಳೆ ಹಿಂಜುವ ಯಂತ್ರ ಇಟ್ಟಿದ್ದಾನೆ. ಅಪ್ಪನಿಂದಲೇ ಕೆಲಸ ಕಲಿತವನು. ಯಂತ್ರ ತಂದ ಮೇಲೆ ಅಪ್ಪ ಅವನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದ.

ದಸ್ತಗೀರ ದಿಂಬನ್ನು ತಿರುವಿ ನೋಡಿದ. "ಮಾಸ್ತರ, ಈ ಮೂಲಿ ಬ್ಯಾರೆ ಹೊಲಿಗಿ ಐತ್ರಿ. ಕೆಂಪು ದಾರ. ಆಮ್ಯಾಲೆ ಹೊಲದಾರ. ಉಸ್ತಾದರ ಕೈನ ಇದು."

ಕತ್ತರಿಯಿಂದ ಆ ಮೂಲೆ ಬಿಚ್ಚಿ, ಒಳಗೆ ಕೈ ಹಾಕಿ ಅರಳೆ ಎಳೆದ. ಅರಳೆಯ ಜೊತೆ ಗುಳಿಗೆಗಳು ಬಂದವು. ಕಾಗದದ ಮೇಲೆ ಒಂದೊಂದಾಗಿ ಬಿದ್ದವು. ಕೆಲವು ಚಪ್ಪಟೆಯಾಗಿದ್ದವು. ಒಂದೂ ಒಡೆದಿರಲಿಲ್ಲ.

ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದೆ. ಇಪ್ಪತ್ಮೂರು.

ಪಂಪಿಗೆ ಹಾಕಿದ್ದಾನೆ, ತಿರುಗಿಸಿಲ್ಲ. ನಾನು ನೋಡುತ್ತಿರುವಾಗ ಎಳೆದಂತೆ ಮಾಡಿದ್ದಾನೆ, ಹಗುರವಾಯಿತು ಎಂದಿದ್ದಾನೆ. ನಾನು ಕೈಕಾಲು ತೊಳೆಯಲು ಹೋದಾಗ ಗುಳಿಗೆ ತೆಗೆದು ದಿಂಬಿನ ಮೂಲೆಗೆ ತುರುಕಿದ್ದಾನೆ. ಕೊನೆಯದನ್ನು ತುರುಕಿದ ಮೇಲೆ, ಉಸಿರು ಸಿಗದ ಆ ಹೊತ್ತಿನಲ್ಲೇ, ದಬ್ಬಣ ಹಿಡಿದು ಹೊಲಿದಿದ್ದಾನೆ. ನನ್ನ ಸುಳ್ಳು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ತೆಲಸಂಗದಲ್ಲಿ ಗೊತ್ತಾದ ಹಾಗೆ. ಅಂದು ಏನೂ ಕಾಣದವನ ಹಾಗೆ ಮಾಲೆ ಹಾಕಿದ, ಇಲ್ಲಿ ಏನೂ ತಿಳಿಯದವನ ಹಾಗೆ ಪಂಪು ಹಿಡಿದ. ಮಗನ ಸುಳ್ಳನ್ನು ಮಗನಿಗೇ ನಂಬಿಸಿ ಹೋದ. ಅವನ ರೋಜಾ ಒಂದೂ ಮುರಿದಿರಲಿಲ್ಲ.

ನಿಮಗೆ ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಸಮಾಧಾನ. ಅದರ ಬೆನ್ನಿಗೇ ಸಿಟ್ಟು. ಅದರ ಬೆನ್ನಿಗೆ, ಆ ಇಪ್ಪತ್ಮೂರು ಪುಡಿ ಅವನ ಎದೆಗೆ ಹೋಗಿದ್ದರೆ ಎಂಬ ಪ್ರಶ್ನೆ. ಮೊನ್ನೆ ಮಿರಜಕ್ಕೆ ಹೋಗಿ ಡಾಕ್ಟರನ್ನು ಕೇಳಿದೆ. ಎದೆ ಪೂರ್ತಿ ಸವೆದಿತ್ತು, ಅದೊಂದರಿಂದ ಹೀಗೇ ಆಯಿತೆಂದು ಹೇಳಲು ಬರುವುದಿಲ್ಲ ಎಂದರು. ಹೇಳುವಾಗ ನನ್ನ ಕಣ್ಣು ತಪ್ಪಿಸಿದರು. ವರ್ಷದ ಮೇಲೆ ಆ ಗುಳಿಗೆಗಳ ಮೇಲೆಯೇ ಕಿವಿ ಇಟ್ಟು ಮಲಗಿದ್ದೇನೆ. ಇನ್ನು ಮಲಗುವುದಕ್ಕೆ ಯಾವ ದಿಂಬಾದರೇನು.

ಅಂದು ಅಂಗಡಿಯಲ್ಲಿ ಗುಳಿಗೆಗಳನ್ನು ಮತ್ತೊಮ್ಮೆ ಎಣಿಸಿದೆ. ದಸ್ತಗೀರ ನನ್ನನ್ನು ನೋಡಿ, ಎದುರಿನ ಹೋಟೆಲಿನಿಂದ ಚಹಾ ತರಿಸಿ ಮುಂದೆ ಇಟ್ಟ. "ತಗೋರಿ ಮಾಸ್ತರ. ಮಾರಿ ಪೂರಾ ಇಳದೈತಿ."

ಚಹಾ ಕುಡಿಯಬಹುದಿತ್ತು. ಅಪ್ಪನ ಲೆಕ್ಕದಲ್ಲಿ ಹಿಡಿದ ರೋಜಾ, ಅಪ್ಪನ ಲೆಕ್ಕದಲ್ಲಿ ಬಾಕಿ ಏನೂ ಇಲ್ಲ. ಲೋಟ ಕೈಗೆ ತೆಗೆದುಕೊಂಡೆ, ಮತ್ತೆ ಕೆಳಗಿಟ್ಟೆ.

"ರೋಜಾ ಅದೀನಿ" ಎಂದೆ.

"ಇವತ್ತ ಎಂಥಾ ರೋಜಾರಿ?"

"ಸಣ್ಣಾಂವ ಇದ್ದಾಗ ತೆಲಸಂಗದಾಗ ಒಂದು ಬಿಟ್ಟಿದ್ನಿ. ಅದನ್ನ ಹಿಡದೀನಿ."

ಹಜರತ್ತರನ್ನು ಕೇಳಿದರೆ, ಹಿಡಿದ ರೋಜಾದ ನಿಯ್ಯತ್ತನ್ನು, ಅಂದರೆ ಸಂಕಲ್ಪವನ್ನು, ನಡುಹಗಲಿನಲ್ಲಿ ಹೀಗೆ ಬದಲಿಸಲು ಬರುವುದಿಲ್ಲ, ಎಂಟು ವರ್ಷದ ಹುಡುಗನ ಮೇಲೆ ರೋಜಾ ಕಡ್ಡಾಯವೂ ಅಲ್ಲ ಎಂದಾರು. ಇರಲಿ. ದಸ್ತಗೀರ ತಲೆಯಾಡಿಸಿ, ಲೋಟ ಆಚೆ ಸರಿಸಿದ. ಗುಳಿಗೆಗಳನ್ನು ನಾನು ಕಾಗದದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡೆ.

"ಅರಳಿ ಹಾಕ್ಲ್ಯಾ ಮಷೀನಿಗೆ? ಭಾಳ ಹಾರತೈತ್ರಿ. ಬಾಯಿಗೆ ಕರವಸ್ತ್ರ ಕಟಗೋರಿ" ಎಂದ.

ಯಂತ್ರ ಶುರುವಾಯಿತು. ಅಪ್ಪನ ದಿಂಬಿನ ಅರಳೆ ಎದ್ದು ಅಂಗಡಿಯ ತುಂಬ ಹಾರಿತು. ನೋವಿನೆಣ್ಣೆಯ ವಾಸನೆ ಒಂದು ಗಳಿಗೆ ಗಾಢವಾಗಿ ಬಂತು. ಹುಬ್ಬಿಗೆ, ಕಿವಿಗೆ, ತುಟಿಗೆ ಅರಳೆ ಹತ್ತಿತು. ಕರವಸ್ತ್ರ ಜೇಬಿನಲ್ಲೇ ಇತ್ತು, ನಾನು ತೆಗೆಯಲಿಲ್ಲ. ತಾನಾಗಿ ಹೋದರೆ ಮುರಿಯುವುದಿಲ್ಲ.